ಕೊಡ ನೋಡಿ ಅಡುಗೆ

ಹೊಸೂರಿನ ಆಲಸನತ್ತಂನಲ್ಲಿ ನಾವಿದ್ದ ವಠಾರಕ್ಕೆ ಆರು ಬಾಗಿಲು, ಒಂದು ನಲ್ಲಿ. ನೀರು ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಅದೂ ಕೈಕೊಡುತ್ತಿತ್ತು. ಎರಡು ಸಾವಿರದ ಇಸವಿ ದಾಟಿದ ಹೊಸತು, ನಾನಾಗ ಐದನೇ ಕ್ಲಾಸು. ಮಾಲೂರು ಕಡೆಯಿಂದ ಬಂದಿದ್ದ ಅಪ್ಪ ಎರಕದ ಫ್ಯಾಕ್ಟರಿಯಲ್ಲಿ ಕಾಂಟ್ರ್ಯಾಕ್ಟ್ ಕೆಲಸಕ್ಕಿದ್ದರು. ಮಹಡಿಯ ಓನರ್ ಮನೆಗೆ ದೊಡ್ಡ ತೊಟ್ಟಿಯಿತ್ತು, ಟ್ಯಾಂಕರ್ ತರಿಸಿ ತುಂಬಿಸಿಕೊಳ್ಳುತ್ತಿದ್ದರು, ಬೆಳಗಾದರೆ ಗ್ರೈಂಡರ್ ಸದ್ದು. ಅವರು ನಾಲಿಗೆ ಕೇಳಿದ್ದು ತಿನ್ನುತ್ತಿದ್ದರು, ನಾವು ಕೊಡ ಹೇಳಿದ್ದು.

ನೀರು ಬಂದ ದಿನ ನಮ್ಮಲ್ಲೂ ಇಡ್ಲಿ. ಮಾರನೆಯ ದಿನ ಅನ್ನ, ಹುಳಿ. ಆಮೇಲೆ ಅಮ್ಮ ಕೊಡದೊಳಗೆ ಇಣುಕಿ ನೋಡಿಯೇ ಒಲೆ ಹಚ್ಚುತ್ತಿದ್ದಳು. ನಾಲ್ಕನೇ ದಿನದಿಂದ ಬಸ್ಸಾರು, ಮುದ್ದೆ. ಹುರುಳಿಕಾಳು ಬೆಂದ ನೀರು ಬಸಿದರೆ ಅದೇ ಸಾರಿಗೆ, ಉಳಿದ ಕಾಳು ಪಲ್ಯಕ್ಕೆ. ಒಂದೇ ನೀರಿಗೆ ಎರಡು ಅಡುಗೆ. ಅವಳಿಗೆ ಇದನ್ನೆಲ್ಲ ಯಾರು ಕಲಿಸಿದರೋ ಎಂದು ಈಗಲೂ ಬೆರಗಾಗುತ್ತದೆ. ಆಗ ಮಾತ್ರ ದೋಸೆ ಇಲ್ಲವೆಂದು ಮುಖ ಊದಿಸಿಕೊಂಡು ಕೂರುತ್ತಿದ್ದೆ.

ಒಂದು ಸಲ ಒಂಬತ್ತು ದಿನವಾದರೂ ನಲ್ಲಿ ಉಸಿರೆತ್ತಲಿಲ್ಲ. ಅದೇ ಹೊತ್ತಿಗೆ ವರ್ಷ ತುಂಬದ ನನ್ನ ತಂಗಿಗೆ ವಾಂತಿ ಭೇದಿ ಹಿಡಿಯಿತು. ಬೆಳಿಗ್ಗೆ ಡಾಕ್ಟರು ಪುಡಿಯ ಪೊಟ್ಟಣ ಕೊಟ್ಟು, ಕಾಯಿಸಿ ಆರಿಸಿದ ನೀರಲ್ಲಿ ಕಲಸಿ ಚಮಚದಲ್ಲಿ ಕುಡಿಸುತ್ತಲೇ ಇರಿ, ಬಟ್ಟೆ ಬದಲಿಸಿದಾಗಲೆಲ್ಲ ಸೋಪು ಹಾಕಿ ಕೈ ತೊಳೆಯಿರಿ ಎಂದರು. ಸಂಜೆಯೊಳಗೆ ಉಚ್ಚೆ ಹೊಯ್ದರೆ ಮಗು ಬಚಾವು, ಇಲ್ಲದಿದ್ದರೆ ದೊಡ್ಡಾಸ್ಪತ್ರೆಗೆ ಓಡಿ ಎಂದೂ ಹೇಳಿದರು. ಮನೆಯಲ್ಲಿದ್ದದ್ದು ಅರ್ಧ ಕೊಡ ನೀರು. ಓನರ್ ಮನೆಗೆ ಬೀಗ; ಮದುವೆಗೆ ಹೋಗಿದ್ದರು.

ವಠಾರದಲ್ಲಿ ಖಾರದಪುಡಿ ಕೇಳಬಹುದಿತ್ತು, ಸೀಮೆಎಣ್ಣೆ ಕೇಳಬಹುದಿತ್ತು. ನೀರು ಮಾತ್ರ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ, ಕೇಳಿದರೆ ಅವರ ಊಟವನ್ನೇ ಕೇಳಿದಂತೆ. ಅಮ್ಮನೂ ಕೇಳಲಿಲ್ಲ. ನನಗೆ ಅವಳ ಮೇಲೆ ಕೆಟ್ಟ ಕೋಪ ಬಂತು. ಮಧ್ಯಾಹ್ನಕ್ಕೆ ನೀರು ಮುಗಿಯಿತು. ಖಾಲಿ ಕೊಡ ಎತ್ತಿಕೊಂಡು ಹೋಗಿ ನಲ್ಲಿ ತಿರುಗಿಸಿದೆ. ಬರೀ ಗಾಳಿ.

ಪಕ್ಕದ ಮನೆಯಾಕೆ ರಾಯಕೋಟೆ ಕಡೆಯವರು, ಮನೆಯೊಳಗೆ ತೆಲುಗು, ನಮ್ಮೊಡನೆ ಕನ್ನಡ. ನನ್ನನ್ನು ನೋಡಿದವರೇ ಒಳಗೆ ಹೋಗಿ, ಮುಕ್ಕಾಲು ಕೊಡ ನೀರು ತಂದು ಅಮ್ಮನ ಪಕ್ಕದಲ್ಲಿಟ್ಟರು.

"ಮಡಿಕ್ಕೊ ಅಕ್ಕಾ. ನಾವ್ ಇವತ್ತು ಕಡ್ಲೆಪುರಿ ತಿಂತೀವಿ."

"ಬ್ಯಾಡ ಕಣಮ್ಮಾ," ಎಂದಳು ಅಮ್ಮ. "ನಿಮ್ಮೆಜಮಾನ್ರು ಕೆಲ್ಸದಿಂದ ಹಸ್ಕೊಂಡು ಬತ್ತಾರೆ."

"ಬರ್ಲಿ ಬಿಡು. ಒಂದಿನ ಮುದ್ದೆ ಇಲ್ದಿದ್ರೆ ಏನಾಗ್ಬುಡ್ತದೆ? ಮೊದ್ಲು ಕೂಸ್ಗೆ ಕುಡ್ಸು."

ಆಮೇಲೆ ಒಂದೊಂದೇ ಬಾಗಿಲಿಂದ ನೀರು ಬಂತು. ಚೊಂಬಲ್ಲಿ ಬಂತು, ಬಕೆಟ್ಟಲ್ಲಿ ಬಂತು, ಕೊನೆಯ ಮನೆಯ ತಮಿಳು ಅಜ್ಜಿ ಟಿಫನ್ ಕ್ಯಾರಿಯರಿನ ಡಬ್ಬಿಯಲ್ಲಿ ತಂದರು. ಆ ದಿನ ಐದು ಮನೆಯಲ್ಲೂ ಒಲೆ ಹಚ್ಚಲಿಲ್ಲ. ಮಕ್ಕಳಿಗೆ ಬನ್ನು, ಬಾಳೆಹಣ್ಣು. ನನಗೂ ಒಂದು ಬನ್ನು ಸಿಕ್ಕಿತು. ತಂಗಿ ಕಣ್ಣು ಬಿಡದೆ ಮಲಗಿದ್ದರೂ ಖುಷಿಯಾಗಿ ತಿಂದೆ, ನೆನೆದರೆ ಈಗ ನಾಚಿಕೆಯಾಗುತ್ತದೆ. ಪಕ್ಕದ ಮನೆಯ ಯಜಮಾನರು ಎಂಟು ಗಂಟೆ ಕುಲುಮೆಯ ಮುಂದೆ ನಿಂತು ಬಂದಿದ್ದರು. ಮೆಟ್ಟಿಲ ಮೇಲೆ ಕೂತು ಪುರಿಗೆ ಹಸಿ ಈರುಳ್ಳಿ ನಂಚಿಕೊಂಡು ತಿಂದರು, ಒಂದು ಗೊಣಗಾಟವಿಲ್ಲ. ಎಂಥ ಜನ ಇವರು ಅನ್ನಿಸಿತು.

ಬಿಸಿಲು ಇಳಿಯಿತು. ತಂಗಿಯ ಚಡ್ಡಿ ಇನ್ನೂ ಒಣಗಿಯೇ ಇತ್ತು. ಆಗಷ್ಟೇ ಕೆಲಸದಿಂದ ಬಂದಿದ್ದ ಅಪ್ಪ ಆಟೋ ಕರೆಯಲು ಮತ್ತೆ ಚಪ್ಪಲಿ ಮೆಟ್ಟಿಕೊಂಡರು. ಅಷ್ಟರಲ್ಲಿ ಒಳಗಿಂದ ಅಮ್ಮ ಕೂಗಿಕೊಂಡಳು:

"ಉಚ್ಚೆ ಉಯ್ಕೊಂಡ್ಬುಟ್ಳು ಕಣ್ರಮ್ಮಾ!"

ಓಡಿ ಹೋದೆ. ಅಮ್ಮನ ಮಡಿಲು ಒದ್ದೆಯಾಗಿತ್ತು, ಅವಳು ಅಳುತ್ತ ನಗುತ್ತಿದ್ದಳು. ಐದು ಮನೆಯವರೂ ಒಬ್ಬೊಬ್ಬರಾಗಿ ಒಳಗೆ ಬಂದು ಆ ಒದ್ದೆ ಸೀರೆಯನ್ನು ಮುಟ್ಟಿ ನೋಡಿದರು.