ಕಿಟಕಿ ಕಟ್ಟೆಯ ನಾಲ್ಕು ಗ್ಲಾಸು

ನಾಲ್ಕೇ ಇದ್ದವೇ, ಐದೇ? ತವರೂರಿಗೆ ಬಂದಾಗಲೆಲ್ಲ ನಿಮಗೆ ನಾಲ್ಕು ಎಂದೇ ಹೇಳಿದ್ದೇನೆ. ಹೇಳಿ ಹೇಳಿ ನಾಲ್ಕಾಗಿರಲೂಬಹುದು. ಟೀ ರೂಮಿನ ಹೊರಗೋಡೆಯ ಕಿಟಕಿ ಕಟ್ಟೆಯ ಮೇಲೆ ಧೂಳು ಹಿಡಿದು ಬೋರಲು ಬಿದ್ದಿದ್ದ ಗಾಜಿನ ಗ್ಲಾಸುಗಳು. ಕೊಟ್ಟೂರಿನಲ್ಲಿ ನನ್ನ ಮೊದಲ ಬೆಳಿಗ್ಗೆ. ಒಳಗೆ ತಂದು, ಬೂದಿ ಹಾಕಿ ತಿಕ್ಕಿ, ಉಳಿದವುಗಳ ಜೊತೆ ಜೋಡಿಸಿಬಿಟ್ಟೆ.

ಆ ಟೀ ರೂಮು ಕಟ್ಟಿದ್ದು ಅದರ ಒಡತಿ ಕೊಟ್ರಮ್ಮನವರ ಮಾವ. ಆಮೇಲೆ ಗಂಡ, ಗಂಡ ಹೋದ ಮೇಲೆ ಅವರೇ ಒಲೆ ಮುಂದೆ ನಿಂತರು. ತೊಂಬತ್ತರ ದಶಕದಲ್ಲಿ ಅವರ ಮೊಣಕಾಲು ಸೋತಾಗ ಕುಂದಾಪುರ ಕಡೆಯ ನಾವು ಗಂಡ ಹೆಂಡತಿ ಬಾಡಿಗೆಗೆ ಹಿಡಿದೆವು. ಹಿಂದಿನ ತಗಡಿನ ಕೋಣೆಯೇ ಮನೆ. ನಮ್ಮಲ್ಲಿ ಬಾವಿಗೆ ಬಗ್ಗಿದರೆ ನೀರು. ಇಲ್ಲಿ ಬೋರಿನ ನೀರು ಉಪ್ಪು, ಚಹಾಕ್ಕೆ ಸಿಹಿನೀರು ಬೇರೆ ಹೊತ್ತು ತರಬೇಕು. ನಮ್ಮಲ್ಲಿ ಚಹಾದ ಜೊತೆ ಬನ್ಸು, ಇಲ್ಲಿ ಒಗ್ಗರಣಿ, ಅಂದರೆ ನೆನೆಸಿದ ಮಂಡಕ್ಕಿಯ ಒಗ್ಗರಣೆ. ನಾನು ಬಾಯಿ ಬಿಟ್ಟರೆ ಬೆಂಚೆಲ್ಲ ನಗುತ್ತಿತ್ತು.

ಆ ಬೆಳಿಗ್ಗೆ ಮೊದಲು ಬಂದವರು ದುರುಗಪ್ಪ ಮೇಷ್ಟ್ರು, ಆಗಷ್ಟೇ ನೌಕರಿ ಸಿಕ್ಕವರು. ಬಾಗಿಲಾಚೆ ನಿಂತೇ ಇದ್ದರು. ಕೈಗೆ ಸಿಕ್ಕ ಗ್ಲಾಸಿನಲ್ಲಿ ಕೊಟ್ಟೆ. ನಿಧಾನಕ್ಕೆ ಕುಡಿದು ಹೋದರು. ಬೆಂಚು ತುಂಬಿದ ಮೇಲೆ ಕೊಟ್ರಮ್ಮ ಬಂದರು.

"ತಂಗೀ, ಕಟ್ಟಿ ಮ್ಯಾಲಿನ ಗ್ಲಾಸು ಎಲ್ಲಿ ಇಟ್ಟಿ?"

"ತೊಳೆದು ಒಳಗಿಟ್ಟೆ, ಅಕ್ಕ."

"ಯವ್ವಾ! ಅವು ಕೇರಿ ಮಂದಿವು!"

ಬೆಂಚಿನ ಮೇಲಿದ್ದ ಒಬ್ಬಾತ ಗ್ಲಾಸು ಕೆಳಗಿಟ್ಟ. "ನಾ ಕುಡದಿದ್ದು ಯಾವ್ದು ಹೇಳ್ರಿ ಈಗ?"

"ಮೂಸಿ ನೋಡಲೇ, ಗೊತ್ತಾಗ್ತೈತಿ," ಎಂದು ಪಕ್ಕದವನು ನಕ್ಕ. ನಕ್ಕವನೂ ತನ್ನ ಗ್ಲಾಸನ್ನು ಕೆಳಗಿಟ್ಟ. ಬಿಸಿಲಿಗೆ ಹಿಡಿದು ನೋಡಿದರು. ಯಾವುದು ಯಾವುದೆಂದು ಯಾರಿಗೂ ತಿಳಿಯಲಿಲ್ಲ. ಮಧ್ಯಾಹ್ನಕ್ಕೆ ಬೆಂಚು ಖಾಲಿ.

"ಬಾಗ್ಲ್ ಹಾಕ್ರೆ ಎಂತ ತಿಂಬುದ್?" ಎಂದರು ನಮ್ಮನೆಯವರು. ಎಲ್ಲ ಗ್ಲಾಸು ಒಡೆದು, ಹರಪನಹಳ್ಳಿಯಿಂದ ಹೊಸವು ತಂದರು. ಒಂದೇ ಡಬ್ಬದವು, ಒಂದೇ ತರದವು. ಅವುಗಳಲ್ಲಿ ನಾಲ್ಕನ್ನು ಕಟ್ಟೆಯ ಮೇಲೆ ಇಟ್ಟವಳು ನಾನೇ.

ಮರುದಿನ ಬೆಂಚು ಮತ್ತೆ ತುಂಬಿತು. ಮೇಷ್ಟ್ರೂ ಬಂದರು. ಕಟ್ಟೆ ನೋಡಿದರು. "ನಿನ್ನಿ ಕೊಟ್ಟಂಗ ಒಳಗಿನ ಗ್ಲಾಸಿನ್ಯಾಗ ಕೊಡ್ರಿ, ಅಕ್ಕಾರ."

ಕೊಟ್ರಮ್ಮ ಬೆಂಚಿನಿಂದಲೇ, "ಮೇಷ್ಟ್ರ, ನಿಮ್ಮಪ್ಪ ಕಟ್ಟಿ ಮ್ಯಾಲಿಂದ್ರಾಗ ಕುಡೀತಿದ್ದ," ಎಂದರು.

"ಹೌದ್ರಿ. ಅದಕ್ಕ ಕೇಳಾಕತ್ತೀನಿ."

ಬೆಂಚು ನನ್ನನ್ನೇ ನೋಡುತ್ತಿತ್ತು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ನನ್ನ ಕೈ ಕಿಟಕಿಯಾಚೆಯ ಗ್ಲಾಸಿಗೆ ಚಾಚಿತು.

"ಶಾಲಿಗೆ ಹೊತ್ತಾತು," ಎಂದು ಅವರು ಹೊರಟರು. ಮತ್ತೆ ಬರಲಿಲ್ಲ.

ಆಮೇಲೆ ಕಾಗದದ ಕಪ್ಪು ಬಂತು. ಎಲ್ಲರಿಗೂ ಒಂದೇ, ಕುಡಿದು ಬಿಸಾಡುವುದು. ಕಟ್ಟೆ ತಾನಾಗಿ ಖಾಲಿಯಾಯಿತು; ಯಾರೂ ಏನನ್ನೂ ತೀರ್ಮಾನಿಸಬೇಕಾಗಲಿಲ್ಲ. ಕೊಟ್ರಮ್ಮ ತೀರಿಕೊಂಡರು. ಈಗ ನನ್ನ ಬಾಯಲ್ಲಿ 'ಮನಿ', 'ಐತಿ' ಬರುತ್ತವೆ. ನಿಮಗೆ ನಾನು ಘಟ್ಟದ ಮೇಲಿನವಳು, ಇಲ್ಲಿಯವರಿಗೆ ಇನ್ನೂ ಕುಂದಾಪುರದಾಕೆ.

ತಿಳಿಯದೆ ತೊಳೆದೆ ಎಂದು ನಿಮ್ಮೆದುರು ಎಷ್ಟು ಸಲ ಹೇಳಿದ್ದೇನೆ! ಆದರೆ ನಮ್ಮ ಮನೆಯ ಹಿಂದೆಯೂ ಗದ್ದೆ ಕೆಲಸಕ್ಕೆ ಬರುತ್ತಿದ್ದವರಿಗೆಂದು ಕುಡಿಯಲು ಒಂದು ಗೆರಟೆ, ತೆಂಗಿನ ಚಿಪ್ಪು, ಇರುತ್ತಿತ್ತು. ಸಣ್ಣವಳಿದ್ದಾಗ ನಾನದನ್ನು ಒಮ್ಮೆಯೂ ಮುಟ್ಟಲಿಲ್ಲ. ಮುಟ್ಟಬೇಡ ಎಂದು ಯಾರೂ ಹೇಳಿದ ನೆನಪಿಲ್ಲ.

ಹಾಗಾದರೆ ಆ ಬೆಳಿಗ್ಗೆ ಕಟ್ಟೆಯ ಮೇಲೆ ನಾನು ಕಂಡದ್ದು ಬರೀ ಧೂಳನ್ನೇ? ನನಗೆ ಗೊತ್ತಿಲ್ಲ.