ಪಡಸಾಲೆಯ ತಗಡು

ಕಬ್ಬಿಣ ಕೊಯ್ಯುವಾಗ ಏಳುವ ಸುಟ್ಟ ವಾಸನೆ ನನಗೆ ಆಗುವುದಿಲ್ಲ. ರಾಯಚೂರಿನಲ್ಲಿ ಈಗ ನಾನಿರುವ ಮನೆಯ ಎದುರು ಯಾರೋ ಗೇಟು ಮಾಡಿಸುತ್ತಿದ್ದಾರೆ. ಕಟರ್ ಶುರುವಾದರೆ ಕಿಟಕಿ ಮುಚ್ಚುತ್ತೇನೆ. ಆದರೂ ಆ ವಾಸನೆ ಒಳನುಗ್ಗಿ ಮಾನ್ವಿಯ ನಮ್ಮ ಹಳೆಯ ಹಿತ್ತಲನ್ನು ಕಣ್ಣೆದುರು ತರುತ್ತದೆ: ಬಿಸಿಲಿಗೆ ಕಾದ ಪೈಪುಗಳ ರಾಶಿ, ನಡುವೆ ಕುಕ್ಕರಗಾಲಲ್ಲಿ ಕೂತ ಅಪ್ಪ, ಪಡಸಾಲೆಯಿಂದ ದೊಡ್ಡಪ್ಪನ ಕೆಮ್ಮು. ಅದು ನಿಜವಾದ ಕೆಮ್ಮಲ್ಲ. ಸದ್ದು ನಿಲ್ಲಿಸು ಎಂದು ತಮ್ಮನಿಗೆ ಹೇಳುವ ರೀತಿ. ಒಂದೇ ಮನೆಯಲ್ಲಿದ್ದೂ ಅಣ್ಣತಮ್ಮಂದಿರು ಮಾತು ಹೆಚ್ಚುಕಡಿಮೆ ಬಿಟ್ಟಿದ್ದರು. ಅಂಥ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಪ್ಪ ಅಕ್ಕಿ ಗಿರಣಿಯಲ್ಲಿ ಫಿಟ್ಟರ್. ದೊಡ್ಡಪ್ಪನದು ದಲಾಲಿ ಅಂಗಡಿ. ಗ್ರೀಸು ಹತ್ತಿದ ಕೈಯ ತಮ್ಮ ತನ್ನದೇ ತಲಬಾಗಿಲಲ್ಲಿ ಒಳಬರುವುದು ಅವನಿಗೆ ಅವಮಾನ. ಒಂದು ವರ್ಷ ಅಜ್ಜಿಯ ಮೊಣಕಾಲು ಸೋತವು. ಮಂಚದಿಂದ ಬಚ್ಚಲತನಕ ಅವಳು ಹಿಡಿದು ನಡೆಯಲು ಕಂಬಿ ಮಾಡುತ್ತೇನೆಂದು ಅಪ್ಪ ಹೊರಟ. ರಾಯಚೂರಿನ ಹೊಸ ಕಬ್ಬಿಣದ ಅಂಗಡಿಯವನು ನಮ್ಮ ಚಪ್ಪಲಿ ನೋಡಿ, ಪೂರ್ತಿ ಉದ್ದದ ಪೈಪು ಕೊಳ್ಳುವುದಾದರೆ ನಿಲ್ಲಿ, ಇಲ್ಲವಾದರೆ ಗುಜರಿಗೆ ಹೋಗಿ ಎಂದ. ಅಂದಿನಿಂದ ಪ್ರತಿ ಭಾನುವಾರ ಅಪ್ಪನ ಜೊತೆ ಪಾಷಾ ಚಾಚಾನ ಗುಜರಿ ಅಂಗಡಿಗೆ ನನ್ನ ಪಯಣ. ಅಪ್ಪ ಪೈಪನ್ನು ಸುತ್ತಿಗೆಯಿಂದ ಬಡಿದು ಕಿವಿಗೊಡುತ್ತಿದ್ದ. ಸದ್ದು ಮಂಕಾಗಿದ್ದರೆ ಒಳಗೆಲ್ಲ ತುಕ್ಕು ತಿಂದಿದೆ ಎಂದರ್ಥ. ಮೊಳೆಯಿಂದ ಕೆರೆದಾಗ ತುಕ್ಕು ಪುಡಿಯಾಗಿ ಉದುರಿದರೆ ಆಯ್ದುಕೊಳ್ಳುತ್ತಿದ್ದ, ಪದರು ಎದ್ದರೆ ಬಿಸಾಡುತ್ತಿದ್ದ. ಗೇಟು ಮಾಡುವ ಶೆಡ್ಡುಗಳಲ್ಲಿ ಮಿಕ್ಕ ತುಂಡುಗಳನ್ನೂ ಕೇಳಿ ತರುತ್ತಿದ್ದ. ಬಸ್ಸಿನಲ್ಲಿ ಅವು ಯಾರದೋ ಕಾಲಿಗೆ ತಾಕಿ ಬೈಗುಳ ಬೀಳುತ್ತಿತ್ತು. ಮನೆಗೆ ಬಂದ ಮೇಲೆ ಪ್ರತಿ ಪೈಪಿನ ಮೇಲೂ ಸೀಮೆಸುಣ್ಣದಲ್ಲಿ ಅಳತೆ ಹಾಕಿ, ಪಕ್ಕದಲ್ಲಿ ‘ಅವ್ವ’ ಎಂದು ಬರೆಯುತ್ತಿದ್ದ.

ಒಂದು ಭಾನುವಾರ ಮರಳಿ ಬಂದಾಗ ಹಿತ್ತಲು ಖಾಲಿಯಾಗಿತ್ತು. ಅಪ್ಪ ಪಡಸಾಲೆಗೆ ಹೋಗಿ ನಿಂತ. ದೊಡ್ಡಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

“ಹಾವು ಚೇಳು ಸೇರಾಕತ್ತಿದ್ವು, ಬಂಡಿಯಾಂವಗ ಹಾಕೀನಿ. ಇದು ಮನಿ ಅದನೋ, ಗುಜರಿ ಅಂಗಡಿ ಅದನೋ?”

ಮುಂದಿನ ವಾರ ಪಾಷಾ ಚಾಚಾನ ಅಂಗಡಿಯ ಮೂಲೆಯಲ್ಲಿ ಆ ಪೈಪುಗಳಿದ್ದವು. ಸೀಮೆಸುಣ್ಣದ ಅಕ್ಷರ ಇನ್ನೂ ಅಳಿಸಿರಲಿಲ್ಲ. ಚಾಚಾ ಅವನ್ನು ಬೇರೆಯಾಗಿ ಎತ್ತಿಟ್ಟಿದ್ದ.

“ಇದು ನಿಮ್ಮ ಮಾಲಲ್ಲೇನ್ರಿ, ಮಿಸ್ತ್ರಿ? ನಾ ಕೊಟ್ಟಷ್ಟ ಕೊಟ್ಟು ಒಯ್ರಿ.”

ಅಪ್ಪ ದುಡ್ಡು ಎಣಿಸಿ ಕೊಟ್ಟ. ಆಮೇಲೆ, “ಡ್ರಮ್ಮಿನ ತಗಡು ಎಷ್ಟದಾವ?” ಎಂದ.

ನಾಲ್ಕು ದಿನದಲ್ಲಿ ಪಡಸಾಲೆಯ ನಡುವೆ ನೆಲದಿಂದ ಜಂತಿಯವರೆಗೆ ತಗಡಿನ ಗೋಡೆ ಎದ್ದಿತು. ಅಜ್ಜಿಯ ಕಂಬಿಯ ಪೈಪುಗಳೇ ಅದರ ಚೌಕಟ್ಟು. ತಲಬಾಗಿಲು ದೊಡ್ಡಪ್ಪನ ಪಾಲಿಗೆ ಹೋಯಿತು; ನಮಗೆ ಚರಂಡಿಯ ಓಣಿಗೆ ತೆರೆಯುವ, ಒಬ್ಬರು ತೂರುವಷ್ಟೇ ಅಗಲದ ಹಿಂಬಾಗಿಲು. ಅಜ್ಜಿ ನಮ್ಮ ಕಡೆ ಉಳಿದಳು. ಆ ತಗಡಿಗೆ ಅಂಗೈ ಊರಿಕೊಂಡೇ ಬಚ್ಚಲಿಗೆ ನಡೆಯುತ್ತಿದ್ದಳು; ಬೇಸಿಗೆಯಲ್ಲಿ ಬೆಳಕಿಂಡಿಯ ಬಿಸಿಲಿಗೆ ಅದು ಸುಡುವುದರಿಂದ ಕೈಗೆ ಸೆರಗು ಸುತ್ತಿಕೊಳ್ಳುತ್ತಿದ್ದಳು. ಕೆಳಗಿನ ಮೂಲೆಯಲ್ಲಿ ಅಂಗೈಯಗಲದ ಸಂದಿತ್ತು. ಮಕ್ಕಳಿಲ್ಲದ ದೊಡ್ಡವ್ವ ಅದರೊಳಗಿಂದ ನನಗೆ ಶೇಂಗಾ ಹೋಳಿಗೆ ನೂಕುತ್ತಿದ್ದಳು. ಬಳೆ ತಗಡಿಗೆ ತಾಕದಂತೆ ಮೇಲಕ್ಕೇರಿಸಿಕೊಂಡ ಅವಳ ಮುಂಗೈ ಮಾತ್ರ ನನಗೆ ಕಾಣುತ್ತಿತ್ತು.

ಎರಡು ವರ್ಷದ ಮೇಲೆ ಅಜ್ಜಿ ಹೋದಳು. ವಿಭೂತಿ ಹಚ್ಚಿ, ಕೂರಿಸಿ ಶೃಂಗರಿಸಿದ ಅವಳನ್ನು ಹಿಂಬಾಗಿಲಿನಿಂದ ಒಯ್ಯುವಂತಿರಲಿಲ್ಲ. ಹಿರಿಯರು ಓಣಿಯಲ್ಲಿ ನಿಂತು ಗುಸುಗುಸು ಮಾತಾಡಿದರು. ಅಪ್ಪ ಎದ್ದು ಕಟರ್ ತಂದು ತಗಡನ್ನು ಕೊಯ್ದ. ಆಚೆ ದೊಡ್ಡಪ್ಪ ನಿಂತಿದ್ದ; ಕಿಡಿ ಧೋತರದ ಮೇಲೆ ಬಿದ್ದರೂ ಸರಿಯಲಿಲ್ಲ. ಇಬ್ಬರೂ ಹೆಗಲು ಕೊಟ್ಟು ತಾಯಿಯನ್ನು ತಲಬಾಗಿಲಿನಿಂದ ಹೊರಗೊಯ್ದರು. ಮಣ್ಣು ಮಾಡಿ ಬಂದಾಗ ದೊಡ್ಡವ್ವ ಎರಡೂ ಕಡೆಯ ಕಬ್ಬಿಣದ ಪುಡಿ ಗುಡಿಸಿದ್ದಳು. ಜಗಳವೆಲ್ಲ ಮುಗಿಯಿತು ಎಂದುಕೊಂಡೆ.

ಮೂರನೆಯ ದಿನದ ಕಾರ್ಯ ಮುಗಿಸಿ ಅಪ್ಪ ಕೊಯ್ದ ತಗಡನ್ನು ಎತ್ತಿ ನಿಲ್ಲಿಸಿದ. ಹಿಡಿ ಎಂದು ನನಗೆ ಹೇಳಿದ. ಆಚೆಯಿಂದ ದೊಡ್ಡಪ್ಪನ ದನಿ ಬಂತು:

“ಈ ಸಲ ಸಂದು ಬಿಡಬ್ಯಾಡ ಅನ್ನು ನಿಮ್ಮಪ್ಪಗ.”

ಅಪ್ಪ ಸಂದಿ ಬಿಡಲಿಲ್ಲ. ಮುಚ್ಚಿಹೋಗುತ್ತಿದ್ದ ಸಂದಿಯಾಚೆ ದೊಡ್ಡವ್ವ ನೆಲಕ್ಕೆ ಬಾಗಿ ನನ್ನನ್ನೇ ನೋಡುತ್ತಿದ್ದಳು. ನಾನು ಮುಖ ತಿರುಗಿಸಿ, ತಗಡನ್ನು ನೆಟ್ಟಗೆ ಹಿಡಿದೆ.

ಈಗ ಅಣ್ಣತಮ್ಮಂದಿರಿಬ್ಬರೂ ಇಲ್ಲ. ಮನೆಯ ಜಾಗದಲ್ಲಿ ಮಳಿಗೆಗಳಿವೆ. ದೊಡ್ಡವ್ವ ಕೊನೆಗೆ ದೇವದುರ್ಗದ ತವರಿಗೆ ಹೋಗಿದ್ದಳು. ಅವಳು ತೀರಿಕೊಂಡದ್ದು ನನಗೆ ಗೊತ್ತಾದದ್ದು ತಿಂಗಳಾದ ಮೇಲೆ, ಬಸ್ಸಿನಲ್ಲಿ, ಪಕ್ಕದಲ್ಲಿ ಕೂತ ಪರಿಚಯದ ಹೆಂಗಸಿನಿಂದ. ಕವಿತಾಳ ಊರು ಬಂದಾಗ ಆ ಹೆಂಗಸು ಇಳಿದುಹೋದಳು.