ರಾಜಾಬೀ ಕಟ್ಟಿದ ಗಾಜು

ಗಂಗಾವತಿಯಲ್ಲಿ ಮನೆ ಖಾಲಿ ಮಾಡುವವರೆಲ್ಲ ಕರೆಯುವುದು ರಾಜಾಬೀಯನ್ನೇ. ಆಕೆಯ ಕಣ್ಣು ತಪ್ಪಿಸಿ ಸೂಜಿಯೂ ತಿಪ್ಪೆ ಸೇರದು ಎನ್ನುತ್ತಾರೆ. ಕೊಪ್ಪಳಕ್ಕೆ ವರ್ಗವಾದ ಟೀಚರ್ ಸಹನಾ ಅಂಗಳದಲ್ಲಿ ಗುಡ್ಡೆ ಹಾಕಿದ್ದನ್ನು ನೋಡಿ, "ಇದರಾಗ ಕಸ ಎಲ್ಲೈತ್ರಿ ಅಕ್ಕಾರ?" ಎಂದು ರಾಜಾಬೀ ನಕ್ಕಳು. ಮುರಿದ ಮಂಚ ಬಡಗಿಗೆ, ಹರಿದ ಗಾದಿಯ ಹತ್ತಿ ಪಿಂಜಾರರಿಗೆ, ತೂತುಬಿದ್ದ ಕೊಡ ಯಾರದೋ ಮಲ್ಲಿಗೆ ಬಳ್ಳಿಗೆ ಎಂದು ಮಧ್ಯಾಹ್ನದೊಳಗೆ ಆಕೆಯ ತಳ್ಳುಗಾಡಿಯಲ್ಲಿ ಎಲ್ಲಕ್ಕೂ ಹೊಸ ಮನೆ ಗೊತ್ತಾಗಿತ್ತು. ಸಹನಾ ಬೆರಗಾಗಿ ನಿಂತೇ ಇದ್ದಳು. ಕೊನೆಗೆ ಉಳಿದದ್ದು ಒಡೆದ ಕನ್ನಡಿಯ ಚೂರುಗಳು. ರಾಜಾಬೀ ಅವನ್ನು ಕೂಸಿನಂತೆ ಹಳೇ ಕೌದಿಯಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಮೇಲೆ 'ಗಾಜು' ಎಂದು ಸಹನಾಳಿಂದ ಬರೆಸಿದಳು. "ಯಾರ ಸಲುವಾಗಿ ಇಷ್ಟೆಲ್ಲಾ, ರಾಜಾಬೀ?" "ಕಸದಾಗ ಕೈ ಹಾಕಿ ಆರಿಸಾಕಿ ಒಬ್ಬಾಕಿ ಇರ್ತಾಳ್ರಿ," ಎಂದು ಆಕೆ ಮಡಚಲು ಬಾರದ ತನ್ನ ಎರಡು ಬೆರಳು ತೋರಿಸಿದಳು. "ಹತ್ತು ವರ್ಷ ನಾನೇ ಆರಿಸೀನ್ರಿ." ಸಹನಾ ಪೆಟ್ಟಿಗೆಯನ್ನು ತಿರುಗಿಸಿ, ನಾಲ್ಕೂ ಬದಿಗೆ ದಪ್ಪ ಅಕ್ಷರದಲ್ಲಿ 'ಗಾಜು' ಎಂದು ಬರೆದಳು.